ಅಕ್ಕನ ಮನೆಗೆ ಹೊರಟ ಎರಡು ಕೋಳಿ

ಅಂದು ಬೆಳಗ್ಗೆಯಿಂದ ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಿತ್ತಲಲ್ಲಿ ಮೂರು ಕೋಳಿ ಸತ್ತು ಬಿದ್ದಿದ್ದವು. ಇನ್ನೊಂದು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ, ಉಸಿರಿಗೆ ಒದ್ದಾಡುತ್ತಿತ್ತು. ಎರಡು ಮಾತ್ರ ಇನ್ನೂ ಕಾಳು ಹೆಕ್ಕುತ್ತಿದ್ದವು. ಬೆಕ್ಕಿನ ಕಾಟಕ್ಕೆ ಹೆದರಿ ಹೊಲಿಗೆ ಕೋಣೆಯಲ್ಲಿ ಬೇರೆ ಇಟ್ಟಿದ್ದ ತಾಯಿಕೋಳಿ ಮತ್ತು ಅದರ ಹನ್ನೊಂದು ಮರಿ ಚೆನ್ನಾಗಿದ್ದವು. ಅವೂ ಹೋದರೆ ಹಿತ್ತಲು ಬರಿದೋ ಬರಿದು.

"ಎಲ್ಲಾ ನಿಮ್ಮ ತಂಗಿ ಕೆಲಸ!" ಎಂದು ಗಂಡನ ಮೇಲೆ ಹರಿಹಾಯ್ದಳು. "ಹೋದ ವಾರ ಹುಂಜ ತಂದ್ಕೊಟ್ಟಳಲ್ಲ, ಆಗಲೇ ಅದು ತೂಕಡಿಸ್ತಿತ್ತು. ಅವಳ ಮನೇಲಿ ಕೋಳಿಗಳು ಸಾಯ್ತಾ ಇದ್ವಂತೆ. ಗೊತ್ತಿದ್ದೂ ನಮ್ಮ ತಲೆಗೆ ಕಟ್ಟಿದ್ಲು. ಮನುಷ್ಯರು ಮಾಡೋ ಕೆಲಸಾನಾ ಇದು?"

ಬಣ್ಣ ಬಳಿಯುವ ಕೆಲಸದ ಗಂಡ ಬ್ರಷ್ ತೊಳೆಯುತ್ತ, "ಇಲ್ಲಾದ್ರೂ ಬದುಕಲಿ ಅಂತ ಕೊಟ್ಟಿರ್ತಾಳೆ, ಬಿಡು" ಎಂದ. ಸತ್ತ ಮೂರನ್ನೂ ಹಿಂದಿನ ಚರಂಡಿಗೆ ಎಸೆದು ಬಂದ.

ಟೈಲರಮ್ಮ ನಾದಿನಿಗೆ ಶಾಪ ಹಾಕುತ್ತಲೇ ಆ ಎರಡು ಕೋಳಿಗಳನ್ನು ಹಿಡಿದು ಬಟ್ಟೆ ಚೀಲಕ್ಕೆ ತುಂಬಿ ಹೊರಟಳು. ಬಾಗಿಲಲ್ಲೇ ಪಶು ಆಸ್ಪತ್ರೆಯ ಸಹಾಯಕಿ ಎದುರಾದರು. ಬೀದಿಯವರೆಲ್ಲ ಅವರನ್ನು ಕೋಳಿ ಮೇಡಂ ಅನ್ನುತ್ತಾರೆ. ಹೆಗಲಲ್ಲಿ ಐಸ್ ಪೆಟ್ಟಿಗೆ.

"ಎಲ್ಲಿಗಮ್ಮ ಸವಾರಿ?"

"ಅಕ್ಕನ ಮನೆಗೆ. ಇಲ್ಲಿ ಎಲ್ಲಾ ಸಾಯ್ತಾ ಇವೆ. ಇವೆರಡು ಅಲ್ಲಾದ್ರೂ ಬದುಕಲಿ ಅಂತ."

"ಅಕ್ಕನ ಮನೇಲಿ ಎಷ್ಟು ಕೋಳಿ ಇವೆ?"

"ಇಪ್ಪತ್ತು."

"ಇಪ್ಪತ್ತಕ್ಕೂ ಸಾವು ಹೊತ್ಕೊಂಡು ಹೊರಟಿದ್ದೀರಾ? ಇದು ಕೊಕ್ಕರೆ ರೋಗ, ಕೋಳಿಯಿಂದ ಕೋಳಿಗೆ ಅಂಟೋದು. ನೋಡೋಕೆ ಚೆನ್ನಾಗಿದ್ರೂ ಒಳಗೆ ಹೊಕ್ಕಿರತ್ತೆ. ನಿಮ್ಮ ನಾದಿನೀನ ಬೈತಿದ್ದದ್ದು ನನಗೆ ಬಾಗಿಲಲ್ಲೇ ಕೇಳಿಸ್ತು. ನೀವು ಮಾಡ್ತಿರೋದು ಬೇರೇನಾ?"

ಟೈಲರಮ್ಮ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ನಾಚಿಕೆಯಿಂದ ಮುಖ ಕೆಂಪಾಯಿತು.

"ಹೋದ ತಿಂಗಳು ಲಸಿಕೆ ತಂದಾಗ ಏನಂದ್ರಿ? ಕೋಳಿಗೂ ಲಸಿಕೆ ಅಂತೆ, ನಾಳೆ ಕನ್ನಡಕಾನೂ ತರ್ತಾರೆ ಅಂತ ನಿಮ್ಮ ಯಜಮಾನ್ರು ನಕ್ಕರು. ಕಣ್ಣಿಗೆ ಹನಿ ಹಾಕೋ ಲಸಿಕೆ ಇದು, ಒಂದು ಬಾಟಲಿ ಕಲೆಸಿದ್ರೆ ನೂರು ಕೋಳಿಗಾಗತ್ತೆ. ಎರಡು ಗಂಟೆಯೊಳಗೆ ಹಾಕಿ ಮುಗಿಸ್ಬೇಕು. ಈ ಬೀದೀಲಿ ಒಬ್ಬರೂ ಕೋಳಿ ಹಿಡಿದು ಕೊಡ್ಲಿಲ್ಲ. ಬಾಟಲಿ ಹಾಗೇ ವಾಪಸ್ ಹೋಯ್ತು. ನನಗೂ ಹೊಟ್ಟೆ ಉರಿಯತ್ತಮ್ಮ!"

ಗಂಡ ಈಗ ನಗಲಿಲ್ಲ. "ಮರಿಗಳಾದ್ರೂ ಉಳೀತಾವಾ ಮೇಡಂ?"

"ರೋಗ ತಗುಲಿಲ್ಲ ಅಂದ್ರೆ ಲಸಿಕೆ ಕಾಪಾಡತ್ತೆ. ಮಾತು ಕೊಡಲಾರೆ. ಹಿಂದಿನ ಚರಂಡೀಲಿ ಸತ್ತ ಕೋಳಿ ಬಿದ್ದಿರೋದು ನೋಡ್ಕೊಂಡೇ ಬಂದೆ, ಮೊದಲು ಅವನ್ನ ತೆಗೀರಿ. ನಾಯಿ, ಕಾಗೆ ಎಳ್ಕೊಂಡು ಹೋಗಿ ಊರಿಗೆಲ್ಲ ಹಂಚ್ತವೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಸೋಪು ಹಚ್ಚಿ ಕೈಕಾಲು ತೊಳೀದೆ ಮರಿ ಮುಟ್ಟಬೇಡಿ. ರೋಗ ಇಲ್ಲದ ಮನೆಗಳಿಗೆ ಮೊದಲು ಹೋಗಿ, ಕೊನೆಗೆ ನಿಮ್ಮಲ್ಲಿಗೆ ಬರ್ತೀನಿ. ಅಲ್ಲೀವರೆಗೂ ಯಾರ ಹಿತ್ತಲಿಗೂ ಕಾಲಿಡಬೇಡಿ."

ಕೋಳಿ ಸತ್ತರೆ ಆ ಬೀದಿಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೊಟ್ಟೆ ಕೊಳ್ಳುವವರು ದೂರವಾದಾರು ಎಂಬ ಭಯ. ಟೈಲರಮ್ಮ ಚೀಲ ಒಳಗಿಟ್ಟು, ಕೈ ತೊಳೆದು, ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು: "ನಮ್ಮನೇಲಿ ಕೋಳಿ ರೋಗ ಬಂದಿದೆ! ನಿಮ್ಮ ಕೋಳಿ ಹೊರಗೆ ಬಿಡಬೇಡಿ! ಮೇಡಂ ಬಂದಿದ್ದಾರೆ, ಲಸಿಕೆ ಹಾಕಿಸ್ಕೊಳ್ಳಿ!"

ಮಧ್ಯಾಹ್ನದೊಳಗೆ ಬಾಟಲಿ ಖಾಲಿಯಾಯಿತು. ಕೊನೆಯ ಹನಿಗಳು ತಾಯಿಕೋಳಿ ಮತ್ತು ಅದರ ಹನ್ನೊಂದು ಮರಿಗಳ ಕಣ್ಣಿಗೆ ಬಿದ್ದವು. ಅವು ಉಳಿದವು. ಅಕ್ಕನ ಮನೆಗೆ ಹೊರಟಿದ್ದ ಎರಡೂ ಕೋಳಿ ಮೂರನೆಯ ದಿನ ಸತ್ತವು.

ಕೋಳಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಸತ್ತ ಮೇಲೆ ಬೈದಾಡಿ ಏನು ಬಂತು? ಆರೋಗ್ಯವಾಗಿರುವಾಗಲೇ ಲಸಿಕೆ ಹಾಕಿಸಿ. ಮರಿಗೆ ಯಾವಾಗ, ದೊಡ್ಡವಕ್ಕೆ ಯಾವಾಗ ಎಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ಅಕ್ಕಪಕ್ಕದವರನ್ನೂ ಕೂಡಿಸಿಕೊಳ್ಳಿ. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡಿ. ನಿಮ್ಮ ಹಿತ್ತಲಿಗೆ ರೋಗ ಬಂದರೆ ಒಂದೇ ಒಂದು ಕೋಳಿಯನ್ನೂ ಹೊರಗೆ ಕಳಿಸಬೇಡಿ, ತವರಿಗೂ ಬೇಡ. ಮುಚ್ಚಿಡಬೇಡಿ, ಬಾಗಿಲಿಗೆ ಬಂದು ಕೂಗಿ ಹೇಳಿ.