ದೀಪ ಆರದಿರಲೆಂದು ಬರೆದ ಇಪ್ಪತ್ತೇಳು

ನಾನು ಒಂದು ಕಂಟ್ರೋಲರ್. ಊಟದ ಡಬ್ಬಿಯಷ್ಟು ಗಾತ್ರ, ಮುಖದಲ್ಲೊಂದು ಸಣ್ಣ ಪರದೆ. ನನ್ನ ಕಥೆ ತಲೆಯೆತ್ತಿ ಹೇಳಿಕೊಳ್ಳುವಂಥದ್ದಲ್ಲ. ಹುಟ್ಟಿದ್ದು ಪೀಣ್ಯದ ಶೆಡ್ಡಿನಲ್ಲಿ. ಬುದ್ಧಿ ಬಂದದ್ದು ಕನಕಪುರದ ಕಡೆಯ ಹೊಂಬಾಳೇಗೌಡರ ಚಾಕಿ ಮನೆಯ ಗೋಡೆಗೇರಿದ ಮೇಲೆ. ರೇಷ್ಮೆಹುಳುವಿನ ಮರಿಗಳನ್ನು ಸಾಕಿ ರೈತರಿಗೆ ಕೊಡುವ ಮನೆ ಅದು.

ಬುದ್ಧಿ ತುಂಬಿದವನು ಟೆಕ್ನಿಷಿಯನ್ ಪ್ರದ್ಯುಮ್ನ. ಕೋಣೆಯ ಬಿಸಿ, ತೇವ ಗಳಿಗೆಗೊಂದು ಬಗೆ. ಹಾಗೆ ಬದಲಾಗುವ ಸಂಖ್ಯೆಗಳಿಗೆ ಹೆಸರಿಟ್ಟು ನನ್ನೊಳಗೆ ಕೂರಿಸಿದ. ಆಮೇಲೆ ಪರೀಕ್ಷೆ. ಲ್ಯಾಪ್‌ಟಾಪಿನಿಂದ ಸುಳ್ಳು ಬಿಸಿ ಬರೆದರೆ ಅದನ್ನೇ ನಂಬಿ ಕೂಲರ್ ಓಡಿಸುತ್ತಿದ್ದೆ; ಅಳಿಸಿದರೆ ಮತ್ತೆ ನಿಜ ಹೇಳುತ್ತಿದ್ದೆ. ಗೌಡರ ಫೋನಿಗೂ ಅದೇ ಸಂಖ್ಯೆ ಹೋಗುತ್ತಿತ್ತು. ನನಗೆ ಜಂಬ ಬಂದಿತ್ತು.

ಹುಳು ಸಾಕುವವಳು ಚಿಕ್ಕತಾಯಮ್ಮ. ಹೆತ್ತ ಮಕ್ಕಳಿಗೂ ಅವಳು ಅಷ್ಟು ಸಣ್ಣಗೆ ಸೊಪ್ಪು ಹೆಚ್ಚಿರಲಾರಳು.

ಆಯುಧಪೂಜೆಯ ಬೆಳಿಗ್ಗೆ ಅವಳು ಹಚ್ಚಿದ ದೀಪ ಕೂಲರ್ ಗಾಳಿಗೆ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. "ಅಪಶಕುನ ಕಣಪ್ಪ, ಆರತಿ ಆಗೋಗಂಟ ಒಸಿ ನಿಲ್ಸು," ಎಂದಳು. ಸ್ವಿಚ್ಚಿಗೆ ಹಾರ ಹಾಕಿ ಪೂಜೆಗಿಟ್ಟಾಗಿತ್ತು, ಮುಟ್ಟುವಂತಿರಲಿಲ್ಲ. ಪ್ರದ್ಯುಮ್ನ ಲ್ಯಾಪ್‌ಟಾಪ್ ತೆರೆದು ನನ್ನೊಳಗೆ ಹುಳುವಿಗೆ ಹಿತವಾದ ಇಪ್ಪತ್ತೇಳು ಡಿಗ್ರಿ ಎಂದು ಬರೆದ. ಕೂಲರ್ ನಿಂತಿತು, ದೀಪ ನಿಂತಿತು. ಹೋಳಿಗೆ ಉಂಡು ಅವನು ಬೈಕ್ ಹತ್ತಿದ. ಅಳಿಸಲು ಮರೆತ.

ಮಧ್ಯಾಹ್ನ ತಗಡಿನ ಸೂರಿನ ಮುಚ್ಚಿದ ಕೋಣೆ ಮೂವತ್ತಾರು ದಾಟಿತು. ಅದು ನನಗೆ ಗೊತ್ತಿತ್ತು, ಬಾಯಲ್ಲಿ ಮಾತ್ರ ಇಪ್ಪತ್ತೇಳು. ಒಳಬಂದ ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. "ದೀಪುದ್ ಕಾವಿರ್ಬೇಕು," ಎಂದು ಬಾಗಿಲೆಳೆದುಕೊಂಡಳು.

ಸಂಜೆಗೆ ಹುಳುಗಳ ತಟ್ಟೆ ತಟ್ಟೆಯೇ ಸತ್ತು ಮಲಗಿತ್ತು. ಸುದ್ದಿ ಕೇಳಿ ಓಡಿ ಬಂದ ಪ್ರದ್ಯುಮ್ನ ಯಾರೂ ನೋಡುವ ಮೊದಲು ಇಪ್ಪತ್ತೇಳನ್ನು ಅಳಿಸಿದ. ಗೌಡರು ಕೇಳಿದರೆ, "ಕರ್ಪೂರದ ಹೊಗೆ ಹೊಡ್ದು ಮಿಷಿನ್ನು ತಪ್ಪು ತೋರ್ಸೈತೆ ಗೌಡ್ರೆ," ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ದೇವ್ರ ಹೆಸ್ರಲ್ಲಿ ಹುಳಾನೆಲ್ಲ ಕೊಂದ್ಯಲ್ಲಮ್ಮಿ," ಎಂದರು ಗೌಡರು. ಅವಳೂ ಅದನ್ನು ನಿಜವೆಂದೇ ನಂಬಿದಳು. ಅಂದಿನಿಂದ ಅವಳಿಗೆ ಹುಳುಮನೆಯ ಹೊಸಿಲು ದಾಟುವಂತಿಲ್ಲ, ಅಂಗಳದ ಕಸವೇ ಗತಿ. ಹೊಸ ಯಂತ್ರ ಬಂದು ನಾನು ಉಗ್ರಾಣದ ಮೂಲೆಗೆ ಬಿದ್ದೆ.

ಅಲ್ಲಿ ಗುಡಿಸಲು ಬಂದಾಗಲೆಲ್ಲ ಅವಳು ನನ್ನ ಧೂಳು ಒರೆಸಿ ಕೈಮುಗಿಯುತ್ತಾಳೆ. "ತೆಪ್ಪಾಯ್ತು ಕಣಪ್ಪ. ನನ್ ಕರ್ಪೂರದಿಂದ ನಿನ್ ಬಾಳೂ ಮೂಲೆ ಸೇರ್ತು."

ಕರೆಂಟಿದ್ದ ದಿನ ಅವಳ ಪರವಾಗಿ ಒಂದು ಅಂಕಿಯನ್ನೂ ನುಡಿಯದವನು ನಾನು. ಈಗ ಅವಳ ತಪ್ಪೊಪ್ಪಿಗೆಯನ್ನೂ ಸುಮ್ಮನೆ ತೆಗೆದುಕೊಳ್ಳುತ್ತಿದ್ದೇನೆ.