ಬೂದೆಮ್ಮ ಹೇಳಿದ ಬಣ್ಣ

ಕೂಸಿಗೆಂದು ಕಾಯಿಸಿದ್ದ ನೀರನ್ನೇ ತೋಡಿ ತೋಡಿ ಅಂಗಳಕ್ಕೆ ಒಯ್ಯುತ್ತಿದ್ದರು. ಒಳಕೋಣೆಯ ಪರದೆಯ ಹಿಂದೆ ಕೂತಿದ್ದ ರಾಧಾಗೆ ಹಂಡೆಯಲ್ಲಿ ಚೊಂಬು ಮುಳುಗುವ ಸದ್ದೂ, ಹೊರಗೆ ಹಾಸುಗಲ್ಲಿನ ಮೇಲೆ ನೀರು ಬೀಳುವ ಸದ್ದೂ ಕೇಳುತ್ತಿದ್ದವು. ಮಡಿಲಲ್ಲಿ ಕೂಸು ಕೆರಳಿ ಅಳುತ್ತಿತ್ತು. ಹತ್ತೊಂಬತ್ತು ದಿನದ ಜೀವಕ್ಕೆ ಗಡಿಯಾರ ಬೇಕೇ? ಒಂಬತ್ತು ಹೊಡೆದರೆ ತನಗೆ ಎರೆಯುವ ಹೊತ್ತು ಅಂತ ಅದಕ್ಕೆ ಗೊತ್ತು. ಎರೆಯುವಾಕೆಗೇ ಇವತ್ತು ನಾಕು ಮಂದಿ ನೀರು ಹಾಕುತ್ತಿದ್ದಾರೆ ಅನ್ನುವುದು ಮಾತ್ರ ಗೊತ್ತಿಲ್ಲ.

ರಾಧಾಳ ಅಜ್ಜಿ ಬೂದೆಮ್ಮ ದೇವದುರ್ಗದ ಅರ್ಧ ಊರಿನ ಕೂಸುಗಳನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು ಎರೆದವಳು. ವಕೀಲರ ಮನೆ, ಬಟ್ಟೆ ಅಂಗಡಿಯವರ ಮನೆ, ಎಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಆಕೆಗೆ ಹೇಳಿಕಳಿಸುತ್ತಿದ್ದರು. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಕೆನೆ ಹಚ್ಚಿ, ಮೂಗು ನೀವಿ, ತಲೆ ದುಂಡಗೆ ಮಾಡಿ, ಲೋಬಾನದ ಹೊಗೆ ಹಿಡಿದು ಮಲಗಿಸಿದರೆ ಎಂಥ ಹಟಮಾರಿ ಕೂಸಾದರೂ ಮೂರು ತಾಸು ಏಳುತ್ತಿರಲಿಲ್ಲ. ಇವತ್ತು ನಸುಕಿನಲ್ಲಿ ಏಳದೇ ಹೋದವಳು ಆಕೆ.

ಬಾಣಂತಿ ಹೆಣದ ಮುಂದೆ ಬರಬಾರದು ಎಂದು ಅವ್ವ ಪರದೆ ಎಳೆದು ಹೋಗಿದ್ದಳು. ಕೆಂಡದ ಮೇಲೆ ಸುರಿದ ಲೋಬಾನ ಕೋಣೆಯ ತುಂಬ ತೇಲುತ್ತಿತ್ತು. ಎಷ್ಟೋ ರಾತ್ರಿಗಳಿಂದ ನೆಟ್ಟಗೆ ನಿದ್ದೆ ಕಾಣದ ರಾಧಾಗೆ ಎಚ್ಚರ ಯಾವುದು, ಮಂಪರು ಯಾವುದು ತಿಳಿಯುತ್ತಿರಲಿಲ್ಲ. ಹೊಗೆಯೊಳಗೆ ಅಜ್ಜಿ ಎಲ್ಲೋ ಗೊಣಗುಟ್ಟುತ್ತಾ ಓಡಾಡಿದ ಹಾಗೆ ಅನ್ನಿಸುತ್ತಿತ್ತು.

ಫೋನು ಗುಂಯ್ ಅಂದಿತು. ರಾಯಚೂರಿನಿಂದ ಹೊರಟಿದ್ದ ಗಂಡ, ಲೈನ್‌ಮ್ಯಾನ್ ಅಂಬರೇಶ.

"ಗಬ್ಬೂರು ದಾಟೀವಿ. ಅವ್ವನೂ ಬರಾಕತ್ತಾಳ."

"ಕೂಸಿನ ಸುದ್ದಿ ಏನಾರ ಕೇಳಿದರೇನು?"

"ಮಣ್ಣಿಗೆ ಬರಾಕತ್ತೀವಿ ರಾಧಾ. ಈಗ ಅದನ್ನ ಎತ್ತಬ್ಯಾಡ," ಎಂದು ಇಟ್ಟುಬಿಟ್ಟ.

ರಾಧಾಳ ಅತ್ತೆ ಹನುಮಂತಮ್ಮ ಕೂಸನ್ನು ನೋಡಿದ್ದು ಮೂರನೇ ದಿನ, ಅದೇ ಕೊನೆ. ಅವತ್ತು ನಾಕು ಗಂಟೆಯ ಬಸ್ಸು ಹತ್ತಿದವಳು ಫೋನನ್ನೂ ಮಾಡಿರಲಿಲ್ಲ. ಹದಿಮೂರನೇ ದಿನ ಹೆಸರಿಡಬೇಕಿತ್ತು. ಅಪ್ಪನ ಮನೆಯವರೇ ಬರದೆ ಯಾರು ತೊಟ್ಟಿಲು ತೂಗುತ್ತಾರೆ? ಇವತ್ತೂ ಆಕೆ ಕೂಸನ್ನು ಮುಟ್ಟದೆ ಹೋದರೆ ಮುಂದೆ ಯಾವ ಮುಖ ಹೊತ್ತು ಆ ಮನೆಯ ಹೊಸ್ತಿಲು ತುಳಿಯಲಿ ಎಂಬುದೇ ರಾಧಾಳ ಚಿಂತೆ. ಕೂಸು ಕಪ್ಪಗಿತ್ತು. ಅಷ್ಟೇ ಅದರ ತಪ್ಪು.

* * *

ರಾಧಾಗೆ ಹತ್ತು ವರ್ಷವಿದ್ದಾಗ ಬೇಸಿಗೆ ರಜೆಯಲ್ಲಿ ಅಜ್ಜಿ ಆಕೆಯನ್ನು ಮಾನ್ವಿಗೆ ಕರೆದೊಯ್ದಿದ್ದಳು. ಅಲ್ಲಿನ ರೈಸ್‌ಮಿಲ್ ಸಾಹುಕಾರರ ಮನೆಯಲ್ಲಿ ಬಾಣಂತನ. ಆ ಮನೆಯ ಒಳಗಿನ ಒಳಗಿನ ಕೋಣೆಯ ತನಕ ಬೂದೆಮ್ಮ ಹೋಗಬಹುದಿತ್ತು. ಆಕೆಯ ಚಹಾದ ಗ್ಲಾಸು ಮಾತ್ರ ಬಚ್ಚಲ ಕಿಟಕಿ ದಾಟುವಂತಿರಲಿಲ್ಲ. ಬೂದೆಮ್ಮ ಆ ಗ್ಲಾಸನ್ನು ತಾನೇ ತೊಳೆದು, ತಾನೇ ಕಿಟಕಿಗೆ ಇಟ್ಟು, ಏನೂ ಆಗದವಳಂತೆ ಕೂಸಿನ ಕಡೆ ತಿರುಗುತ್ತಿದ್ದಳು.

ಒಂದು ದಿನ ಆ ಮನೆಯ ಹಿರಿಯಾಕೆ ಬಾಗಿಲಿಗೆ ಒರಗಿ ಕೇಳಿದಳು: "ಬೂದೆಮ್ಮ, ಖರೇ ಹೇಳು. ಯಾವ ಬಣ್ಣಕ್ಕ ನಿಲ್ತದ ಇದು?"

ಕೂಸಿನ ಕಿವಿಯ ಮೇಲಂಚು ನೋಡಿದರೆ ಅದರ ಮುಂದಿನ ಬಣ್ಣ ಗೊತ್ತಾಗುತ್ತದೆ ಅಂತ ಎಲ್ಲರ ನಂಬಿಕೆ. ಅದನ್ನು ಓದುವುದರಲ್ಲಿ ಬೂದೆಮ್ಮನ ಮಾತೇ ಕೊನೆ. ಆಕೆ ಕೂಸನ್ನು ಬೆಳಕಿಗೆ ಹಿಡಿದು, ಕಿವಿಯ ಅಂಚನ್ನು ಬೆರಳ ತುದಿಯಲ್ಲಿ ಬಿಡಿಸಿ, ಬಹಳ ಹೊತ್ತು ನೋಡಿದಳು.

"ಕೆಂಪಗ ಆಗ್ತದ್ರೀ ಯವ್ವಾ. ಈಗ ಕಾಣಾಕತ್ತಿದ್ದು ಹುಟ್ಟಿನ ಕಪ್ಪು. ಹಲ್ಲು ಬರೋದ್ರಾಗ ಇಳೀತದ."

ಹಾಸಿಗೆಯಲ್ಲಿ ಮೈ ಬಿಗಿಹಿಡಿದು ಕೂತಿದ್ದ ಬಾಣಂತಿ ದಿಂಬಿಗೆ ಒರಗಿದಳು. ಹಿರಿಯಾಕೆ ಕೈ ಚಾಚಿ, "ಕೊಡಿಲ್ಲೆ," ಎಂದು ಕೂಸನ್ನು ಎತ್ತಿಕೊಂಡಳು.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ರಾಧಾ ತಡೆಯಲಾರದೆ ಅಂದಿದ್ದಳು: "ಅಜ್ಜಿ, ಕಿವಿ ಕರ್ರಗಿತ್ತು. ನಾನೂ ನೋಡೀನಿ."

"ಚಲೋ ಆತು. ಬಾಯಿ ಮುಚ್ಚಿಕೊಂಡು ನಡಿ."

"ಮತ್ಯಾಕ ಸುಳ್ಳು ಹೇಳಿದಿ?"

ಬೂದೆಮ್ಮ ಬೇವಿನ ನೆರಳಿನಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಣ್ಣ ನಿಲ್ಲಾಕ ಆರು ತಿಂಗಳು ಬೇಕು. ಅಷ್ಟರಾಗ ಅದು ನಗಾಕ ಕಲೀತದ, ಮೈಮ್ಯಾಲ ಉಚ್ಚಿ ಹೊಯ್ತದ, ಸೆರಗು ಹಿಡದು ಜಗ್ತದ. ಆಮ್ಯಾಲ ಯಾವಾಕಿ ಬಣ್ಣ ನೋಡ್ತಾಳ ಹೇಳು? ಆ ಆರು ತಿಂಗಳು ದಾಟಿಸಬೇಕು, ಅಷ್ಟ."

* * *

"ನಮ್ಮ ಫರ್ಹೀನ್ ಹುಟ್ಟಿದಾಗ ಇದೇ ಬೂದೆಮ್ಮ ಏನಂದಿದ್ಲು ಗೊತ್ತೇನ್ರಿ?"

ಪರದೆಯ ಆಚೆಯಿಂದ ಬಂದ ದನಿ ಬಟ್ಟೆ ಅಂಗಡಿಯ ಸೈಮಾಳದು. ರಾಧಾ ಪರದೆಯ ಸಂದಿಗೆ ಕಣ್ಣಿಟ್ಟಳು. ಅಜ್ಜಿಯನ್ನು ಸಿಂಗರಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೂತ ಹೆಂಗಸರ ಬೆನ್ನ ನಡುವೆ ಒಂದು ಹಸಿರು ಸೀರೆಯ ಅಂಚಷ್ಟೇ ಕಂಡಿತು.

"'ಬೀಬೀ, ಹಲ್ಲು ಬರೋದ್ರಾಗ ಹಾಲಿನಂಗ ಆಗ್ತದ' ಅಂದಿದ್ಲು. ನೋಡ್ರಿ ಹಾಲು!"

ಪಕ್ಕದಲ್ಲಿ ಕೂತಿದ್ದ ಫರ್ಹೀನ್ ಈಗ ಶಾಲೆಯ ಟೀಚರು, ಬೂದೆಮ್ಮನಷ್ಟೇ ಕಪ್ಪು. ಅತ್ತು ಕೆಂಪಾದ ಕಣ್ಣಿನಲ್ಲೇ ನಕ್ಕಳು. "ಅಮ್ಮೀ, ಮೂವತ್ತೆರಡೂ ಬಂದವು. ಇನ್ನ ಯಾವ ಹಲ್ಲಿಗೆ ಕಾಯ್ತಿ?"

"ಅಯ್ಯ, ನನಗೂ ಹಂಗ ಹೇಳಿದ್ಲು!" ವಕೀಲರ ಮನೆಯ ಸೊಸೆ ಪ್ರಿಯದರ್ಶಿನಿ ಬಾಯಿಗೆ ಸೆರಗು ಹಿಡಿದಳು. "ಒಂದು ವರ್ಷ ಕಾಯ್ದೆ. ಆಮ್ಯಾಲ ಕಾಯೋದನ್ನ ಮರತ್ಬಿಟ್ಟೆ ನೋಡ್ರಿ. ಈಗ ಮಗಳು ಕಾಲೇಜಿಗೆ ಹೊಂಟಾಳ."

"ನಮ್ಮ ಮನ್ಯಾಗೂ ಅದ ಮಾತು," ಅಂದಳು ಹಿಂದಿನಿಂದ ಮತ್ತೊಬ್ಬಾಕೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ತಂತಮ್ಮ ಕೂಸಿಗಷ್ಟೇ ಹೇಳಿದ ಗುಟ್ಟಿನ ಭರವಸೆ ಅಂದುಕೊಂಡಿದ್ದು ಊರಿಗೆಲ್ಲ ಹಂಚಿದ್ದು ಎಂದು ತಿಳಿದು, ಹೆಣದ ಮುಂದೆ ನಗಬಾರದೆಂದು ಗೊತ್ತಿದ್ದೂ, ಭುಜ ಕುಲುಕಿಸಿಕೊಂಡು ನಕ್ಕರು. ಆಮೇಲೆ ಸೈಮಾ ಒಮ್ಮೆಲೆ ಜೋರಾಗಿ ಅತ್ತಳು. ಒಳಗೆ ರಾಧಾಳಿಗೂ ನಗು ಬಂತು.

"ನನಗ ಹಂಗ ಹೇಳಲಿಲ್ಲ."

ದನಿ ಸಣ್ಣದು. ಎಲ್ಲರೂ ತಿರುಗಿದರು. ಅಂಗಳದ ಬಾಗಿಲಲ್ಲಿ ಹನುಮಂತಮ್ಮ ನಿಂತಿದ್ದಳು. ಬಸ್ಸಿನ ಪಯಣದಲ್ಲೂ ನೆರಿಗೆ ಕೆಡದ ಸೀರೆ, ಬೆಳ್ಳಗಿನ ಮುಖ. ಆಕೆಯ ಹಿಂದೆ ಅಂಬರೇಶ ಹೂವಿನ ಹಾರ ಹಿಡಿದು ತಲೆ ತಗ್ಗಿಸಿದ್ದ.

"ಬರ್ರಿ ಬೀಗ್ತಿ," ಎಂದು ರಾಧಾಳ ಅವ್ವ ಎದ್ದು ಹೋಗಿ ಕೈ ಹಿಡಿದಳು. ಹನುಮಂತಮ್ಮ ಬೂದೆಮ್ಮನ ಕಾಲು ಮುಟ್ಟಿ ಬದಿಗೆ ಕೂತಳು. ಒಳಕೋಣೆಯ ಕಡೆ ನೋಡಲಿಲ್ಲ.

ಹೊರಗೆ ಹಲಗೆ ವಾದ್ಯ ಬಡಿಯತೊಡಗಿದರು. ರಾಧಾಳ ಅಪ್ಪ ದುರುಗೇಶ, ಅಂಬರೇಶ, ಇನ್ನಿಬ್ಬರು ಚಟ್ಟಕ್ಕೆ ಹೆಗಲು ಕೊಟ್ಟರು. ರಾಧಾ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಹಸಿರು ಸೀರೆ ಬಾಗಿಲು ದಾಟಿತು, ಹಲಗೆಯ ಸದ್ದು ಓಣಿಯ ತಿರುವಿನಲ್ಲಿ ಸಣ್ಣದಾಯಿತು. ಅಜ್ಜಿ ಯಾವುದೋ ಮನೆಯ ಕೂಸಿಗೆ ಎರೆಯಲು ಹೊರಟಿದ್ದಾಳೆ, ಚಹಾದ ಹೊತ್ತಿಗೆ ಬರುತ್ತಾಳೆ ಎಂದು ಒಂದು ಗಳಿಗೆ ಖರೇ ಅನ್ನಿಸಿತು.

* * *

ಹೆರಿಗೆಯಾದ ಮೂರನೇ ದಿನ ಕೂಸು ಆಸ್ಪತ್ರೆಯಿಂದ ಮನೆಗೆ ಬಂದಾಗ ಬೂದೆಮ್ಮನ ಖುಷಿ ನೋಡಬೇಕಿತ್ತು. ಊರ ಮಂದಿಯ ಕೂಸುಗಳನ್ನು ಎರೆದು ಎರೆದು ಸವೆದ ಕಾಲುಗಳ ಮೇಲೆ ಮೊದಲ ಸಲ ಮರಿಮಗಳು. ಎದುರಿಗೆ ಹನುಮಂತಮ್ಮ ಕೂತಿದ್ದಳು. ಸೊಸೆ ಬಸುರಿಯಾದಾಗಿನಿಂದ ತಿಂಗಳು ತಿಂಗಳು ಕೇಸರಿಯ ಡಬ್ಬಿ ಕಳಿಸಿದ್ದವಳು ಆಕೆ. ಹಾಲಲ್ಲಿ ಹಾಕಿ ಕುಡಿದಿಯೇನು ಎಂದು ದಿನಾ ಫೋನಿನಲ್ಲಿ ಕೇಳುತ್ತಿದ್ದಳು.

"ಯಾವ ಬಣ್ಣಕ್ಕ ಬರ್ತದ್ರಿ ಅತ್ತಿ?" ಎಂದು ಬೂದೆಮ್ಮನನ್ನು ಕೇಳಿದಳು.

ಬೂದೆಮ್ಮ ಕಿವಿಯನ್ನು ಸರಿಯಾಗಿ ನೋಡಲೂ ಇಲ್ಲ. "ನನ್ನ ಬಣ್ಣಕ್ಕ," ಅಂದಳು. ಬಾಯ್ತುಂಬ ನಗುತ್ತಿದ್ದಳು. "ಥೇಟ್ ನನ್ನಂಗ ಆಗ್ತದ ನೋಡು."

ಹನುಮಂತಮ್ಮನ ಕೈಯಲ್ಲಿದ್ದ ಕುಲಾವಿ ಕೆಳಗಿಳಿಯಿತು.

ಆಕೆ ಹೋದ ಮೇಲೆ ರಾಧಾ ಕಿರುಚಾಡಿದ್ದಳು. "ಕಂಡವರ ಮನಿಗೆಲ್ಲಾ ಸುಳ್ಳು ಹೇಳಿ ಬರ್ತಿ. ನನ್ನ ಕೂಸಿಗೆ ಒಂದು ಸುಳ್ಳು ಹೇಳಾಕ ನಿನ್ನ ನಾಲಿಗಿಗೆ ಏನಾಗಿತ್ತು?"

ಬೂದೆಮ್ಮ ಕೂಸಿನ ಮೈ ಒರೆಸುತ್ತಲೇ ಇದ್ದಳು. "ಅವರ ಮನ್ಯಾಗ ಮೂರು ತಿಂಗಳ ಮ್ಯಾಲ ನಾ ಇರಾಂಗಿಲ್ಲವ್ವಾ. ಅದಕ ಸುಳ್ಳನ್ನ ಕಾವಲಿಟ್ಟು ಬರ್ತೀನಿ. ಇಲ್ಲಿ ನಾ ಇರ್ತೀನಲ್ಲ."

ಅಂದಿನಿಂದ ರಾಧಾ ಅಜ್ಜಿಯ ಜೊತೆ ಮಾತು ಬಿಟ್ಟಳು. ಬೂದೆಮ್ಮ ದಿನಾ ಒಂಬತ್ತಕ್ಕೆ ಕೂಸನ್ನು ಕೇಳದೆ ಎತ್ತಿಕೊಂಡು ಹೋಗಿ, ಬರೀ ಎಣ್ಣೆ ಹಚ್ಚಿ ಎರೆದು, ಮಲಗಿಸಿ ಹೋಗುತ್ತಿದ್ದಳು. ಬಣ್ಣ ತಿಳಿಯಾಗಲೆಂದು ಹಚ್ಚುವ ಕಡಲೆಹಿಟ್ಟಿಲ್ಲ, ಕೆನೆಯಿಲ್ಲ. ನಿನ್ನೆ ಸಂಜೆ ಪರದೆ ಸರಿಸಿ, "ಕೂಸಿಗೆ ಏನಂತ ಹೆಸರಿಡ್ತೀ?" ಎಂದು ಕೇಳಿದಾಗ ರಾಧಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅದೊಂದು ಮಾತಿಗೆ ಉತ್ತರ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಈಗ ಸಂಕಟವಾಯಿತು.

* * *

ಮಣ್ಣಿಗೆ ಹೋದವರು ಇನ್ನೂ ಬಂದಿರಲಿಲ್ಲ. ಪರದೆ ಒಂದು ಮಗ್ಗುಲಿಗೆ ಸರಿಯಿತು. ಹೊಗೆಯ ಆಚೆ ಹನುಮಂತಮ್ಮ ನಿಂತಿದ್ದಳು, ಹೊಸ್ತಿಲಿನ ಹೊರಗೆ.

"ಮಣ್ಣಿಗೆ ಬಂದೀನಿ. ಕೂಸನ್ನ ಮುಟ್ಟಬಾರದು," ಅಂದಳು.

ರಾಧಾ ಹೂಂಗುಟ್ಟಿದಳು. ಮಾತು ಖರೆಯೇ, ಸಾವಿನ ಮೈಲಿಗೆಯಲ್ಲಿ ಕೂಸನ್ನು ಯಾರೂ ಮುಟ್ಟುವುದಿಲ್ಲ. ಆದರೆ ನೆವವೂ ಅದೇ ಆಗಬಹುದಲ್ಲ.

ಹನುಮಂತಮ್ಮ ಕತ್ತಲೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಏನಾರ ಬದಲಾಗ್ಯದೇನು? ಸ್ವಲ್ಪರ ತಿಳಿ ಬಿದ್ದದೇನು?"

ಕೋಣೆ ಮಬ್ಬಾಗಿತ್ತು. ಹೂಂ ಅತ್ತಿ, ಅಜ್ಜಿ ತಪ್ಪು ನೋಡಿದ್ದಳು, ದಿನಾ ಕೆಂಪಗಾಗಾಕತ್ತದ ಎಂದರೆ ಮುಗಿಯಿತು. ಆರು ತಿಂಗಳು ಸಿಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೂಸು ಮತ್ತೆ ಅತ್ತಿತು, ಎರೆಯುವಾಕೆಯನ್ನು ಕರೆಯುವ ಅದೇ ಅಳು. ಇನ್ನು ಬರುವವರು ಯಾರೂ ಇಲ್ಲ ಎಂದು ರಾಧಾಗೆ ಆಗ ಪೂರಾ ತಿಳಿಯಿತು.

ಆಕೆ ತಲೆಗೆ ಕಟ್ಟಿದ ಬಟ್ಟೆ ಬಿಗಿ ಮಾಡಿಕೊಂಡು ಎದ್ದಳು. ಕೂಸನ್ನು ಎತ್ತಿ, ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಅಂಗಳಕ್ಕೆ ಬಂದುಬಿಟ್ಟಳು. ಹನುಮಂತಮ್ಮನೂ ಹಿಂದೆಯೇ ಬಂದಳು.

"ಏ ಬೇ, ಬಾಣಂತಿ ಹೊರಗ ಬಂದೇನು!" ಎಂದು ಅವ್ವ ಕೂಗಿದಳು.

ರಾಧಾ ಬಿಸಿಲಲ್ಲಿ ನಿಂತು ಕೂಸಿಗೆ ಸುತ್ತಿದ್ದ ಬಟ್ಟೆಯನ್ನು ಬಿಡಿಸಿದಳು. "ಸರಿಯಾಗಿ ನೋಡ್ರಿ ಅತ್ತಿ. ಕಪ್ಪಗದ. ಇನ್ನಾ ಕಪ್ಪಗಾಗ್ತದ. ನನ್ನ ಮಗಳು ಇದು. ಬ್ಯಾಡಾದ್ರ ಇವತ್ತ ಹೇಳಿ ಹೋಗ್ರಿ."

ಹನುಮಂತಮ್ಮ ಬಹಳ ಹೊತ್ತು ಕೂಸನ್ನು ನೋಡಿದಳು. ಮಾತಾಡಿದಾಗ ಯಾರ ಕಡೆಗೂ ನೋಡಲಿಲ್ಲ.

"ನನ್ನ ಹೆಣ್ಣು ನೋಡಾಕ ಬಂದವರು ಮುಖ ತೊಳಕೊಂಡು ಬಾ ಅಂದಿದ್ರು. ತೊಳಕೊಂಡು ಬಂದು ನಿಂತೆ. ಎದ್ದು ಹೋದ್ರು. ಹಿಂಗ ಮೂರು ಮಂದಿ. ಇದಕ್ಕೂ ಹಂಗ ಆಗ್ತದಂತ ಅವತ್ತು ಬಸ್ಸಿನ್ಯಾಗ ರಾಯಚೂರು ಮುಟ್ಟೋ ತನಕ ಅಳಕೋಂತ ಹೋದೆ. ನಿನಗ ಬ್ಯಾರೇನ ಅನಿಸಿರಬೇಕು."

ಹನುಮಂತಮ್ಮ ತಿರುಗಿ, "ಬಚ್ಚಲದಾಗ ನೀರು ಅದಾವೇನು?" ಎಂದು ಕೇಳಿ ಒಳಗೆ ಹೋದಳು. ರಾಧಾಳ ಅವ್ವ ದಾರದ ಮೇಲಿದ್ದ ತನ್ನದೊಂದು ಒಗೆದ ಸೀರೆ ಎಳೆದುಕೊಂಡು ಹಿಂದೆಯೇ ಓಡಿದಳು. ಫರ್ಹೀನ್ ಎದ್ದು ಬಂದು ಕೂಸಿನ ಮೇಲೆ ಬಿಸಿಲು ಬೀಳದಂತೆ ತನ್ನ ಓಢಣಿ ಹಿಡಿದಳು.

ಎರಡು ವರ್ಷ ಒಂದೇ ಮನೆಯಲ್ಲಿದ್ದರೂ ರಾಧಾ ಅತ್ತೆಯ ಮುಖವನ್ನು ಪೌಡರಿಲ್ಲದೆ ಕಂಡಿರಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು, ಕನ್ನಡಿಯ ಕೋಣೆಯ ಬಾಗಿಲು ಹಾಕಿಕೊಂಡು, ತಯಾರಾಗಿಯೇ ಹೊರಬರುವ ಹೆಂಗಸು. ಈಗ ಬಚ್ಚಲಿನಿಂದ ಬಂದವಳನ್ನು ಒಂದು ಕ್ಷಣ ಆಕೆ ಗುರುತಿಸಲಿಲ್ಲ. ಅವ್ವನ ಹಳೇ ಸೀರೆ, ಹರಡಿದ ಒದ್ದೆ ಕೂದಲು, ಅದರ ನಡುವೆ ಕಪ್ಪನೆಯ, ದಣಿದ, ಯಾವ ಬಿಗುವೂ ಇಲ್ಲದ ಒಂದು ಮುಖ. ಅಷ್ಟು ಮಂದಿಯ ಎದುರು, ನಡುಹಗಲಲ್ಲಿ.

"ಕೊಡು," ಅಂದಳು. "ಕುತ್ತಿಗಿ ಜ್ವಾಕಿ."

ರಾಧಾ ಕೊಟ್ಟಳು. ಹನುಮಂತಮ್ಮನ ಕೂದಲಿನಿಂದ ಒಂದು ಹನಿ ಜಾರಿ ಕೂಸಿನ ಹಣೆಯ ಮೇಲೆ ಬಿತ್ತು. ಕೂಸು ಮುಖ ಕಿವಿಚಿತು. ಆಕೆಯ ಎರಡೂ ಕೈ ತುಂಬಿದ್ದವು. ಬಗ್ಗಿ, ತನ್ನ ಕೆನ್ನೆಯಿಂದಲೇ ಆ ಹನಿಯನ್ನು ಒರೆಸಿದಳು.