ಐವತ್ತೆಂಟು ಕಿಲೋ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನಾನು ರೇಡಿಯೋದ ಮೈಕನ್ನು ಒರೆಸುತ್ತಿದ್ದೆ. ಮೊದಲು ಮಾತಾಡುವ ಜಾಲರಿ, ಆಮೇಲೆ ಒತ್ತುವ ಗುಂಡಿ, ಕೊನೆಗೆ ಸುರುಳಿ ವಯರು. ಪರದೆಯ ಆಚೆ ನರ್ಸಮ್ಮ ಅಕ್ಕನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರು. ಅದರ ಬುಸ್ ಬುಸ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಮ್ಮ ಬೆಂಚಿನ ತುದಿಯಲ್ಲಿ ಕೂತು ಅಕ್ಕನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಊದಿದ ಪಾದಕ್ಕೆ ಅವು ಹಿಡಿಸದೆ ತಿಂಗಳಾಗಿತ್ತು. ಆದರೂ ತಂದಿದ್ದಳು.

ನಮ್ಮ ಆಸ್ಪತ್ರೆ ಅಂದರೆ ಗುಡ್ಡದ ಮೇಲಿನ ಮೂರು ಕೋಣೆ. ಇಲ್ಲಿಂದ ದೊಡ್ಡಾಸ್ಪತ್ರೆಗೆ ರಸ್ತೆಯಲ್ಲಿ ಹದಿನಾಲ್ಕು ಗಂಟೆ, ಹೆಲಿಕಾಪ್ಟರಿನಲ್ಲಿ ಒಂದೂಕಾಲು. ನಾನು ಕಸ ಗುಡಿಸಿ ನೆಲ ಒರೆಸಲು ಸೇರಿದವಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ಎದ್ದು ನಿಂತು ಓದು ಅಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಅಕ್ಕ ನನ್ನನ್ನು ಕರೆಯುವುದೇ ಮೂಗಿ ಎಂದು. ಎರಡು ವರ್ಷದ ಹಿಂದೆ ಕಾಂಪೌಂಡರ್ ವರ್ಗವಾಗಿ ಹೋದಾಗ ರೇಡಿಯೋಗೆ ಬೇರೆ ಯಾರೂ ಇಲ್ಲದೆ ನರ್ಸಮ್ಮ ನನ್ನನ್ನು ಕೂರಿಸಿದರು. ನಮ್ಮ ಮೂಗಿಗೆ ಮಾತಾಡೋ ಕೆಲಸ ಸಿಕ್ಕಿದೆ ಎಂದು ಅಕ್ಕ ಓಣಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ಮುಖ ನೋಡುವವರು ಇಲ್ಲದ ಕಡೆ ನನಗೂ ಮಾತು ಬರುತ್ತದೆ ಎಂಬುದು ನನಗೇ ಆಗ ಗೊತ್ತಾಗಿದ್ದು.

ಹೆಲಿಕಾಪ್ಟರ್ ನಿಲ್ಲುವ ಜಾಗಕ್ಕೆ ಬೇಸ್ ಎನ್ನುತ್ತಾರೆ. ಅಲ್ಲಿ ರೇಡಿಯೋ ಹಿಡಿಯುವವರನ್ನು ನಾನು ಕಂಡಿಲ್ಲ. ಎರಡು ಸಲ ಕೆಮ್ಮದೆ ಅವರು ಮಾತು ಶುರು ಮಾಡುವುದಿಲ್ಲ. ಹಾಗಾಗಿ ಮನಸ್ಸಿನಲ್ಲೇ ಅವರಿಗೆ ಕೆಮ್ಮಣ್ಣ ಎಂದು ಹೆಸರಿಟ್ಟಿದ್ದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಗುಡ್ಡಗಳ ಆಸ್ಪತ್ರೆಗಳನ್ನೆಲ್ಲ ಅವರು ಒಂದೊಂದಾಗಿ ನಂಬರಿನಿಂದ ಕರೆಯುತ್ತಾರೆ. ಏಳು ಅಂದರೆ ನಾನು. ಏಳು ಇದ್ದೇನೆ, ಸರಿಯಾಗಿ ಕೇಳಿಸುತ್ತಿದೆ ಎನ್ನುತ್ತೇನೆ. ಎಷ್ಟೋ ದಿನ ನಾನು ಹೊರಗಿನವರ ಜೊತೆ ಆಡಿದ ಮಾತು ಅಷ್ಟೇ.

ಅಕ್ಕನಿಗೆ ಎಂಟು ತಿಂಗಳಾಗಿತ್ತು. ಆ ಬೆಳಿಗ್ಗೆ ಎದ್ದವಳು ದೀಪ ಯಾಕೆ ಹಾಕಿಲ್ಲ ಎಂದು ಕೇಳಿದಳಂತೆ. ಹೊರಗೆ ಬಿಸಿಲು ಏರಿತ್ತು. ಭಾವ ಲಾರಿ ತೆಗೆದುಕೊಂಡು ಹೋಗಿ ಮೂರು ದಿನವಾಗಿತ್ತು. ಅಮ್ಮ ಪಕ್ಕದ ಮನೆಯವರ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ತಂದಳು.

ನರ್ಸಮ್ಮ ಬಿ.ಪಿ. ಎಷ್ಟೆಂದು ಹೇಳಲಿಲ್ಲ, ಚೀಟಿಯಲ್ಲಿ ಬರೆದು ನನಗೆ ಕೊಟ್ಟರು. ಇನ್ನೂರ ಹತ್ತು. ಆಮೇಲೆ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಕೊಳವೆ ಇಟ್ಟು ಕಿವಿಗೊಟ್ಟರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಕೆಳಗಿಟ್ಟರು. ಕೊನೆಗೆ ಕೊಳವೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಬೇರೆ ದಿನ ಅವರು ಅದನ್ನು ಮೇಜಿನ ಮೇಲಿಡುತ್ತಾರೆ.

ಹೆಲಿಕಾಪ್ಟರ್ ತರಿಸೋಣ ಎಂದಾಗ ಅಕ್ಕ ಗಾಳಿಯಲ್ಲಿ ಕೈ ಆಡಿಸಿ ಅಮ್ಮನ ಸೆರಗು ಹುಡುಕಿದಳು.

"ಅಮ್ಮ ಬಂದ್ರೆ ಹೋಗ್ತೀನಿ. ಕಣ್ಣು ಕಾಣ್ದೆ ಇರೋ ಹೊತ್ತಲ್ಲಿ ನನ್ನ ಯಾರ್ದೋ ಕೈಗೆ ಕೊಡ್ಬೇಡಿ."

"ಬರ್ತಾರೆ ಕಣಮ್ಮ," ಎಂದರು ನರ್ಸಮ್ಮ. "ಪೂರ್ತಿ ದಾರಿ ನಿನ್ನ ಪಕ್ಕದಲ್ಲೇ ಇರ್ತಾರೆ."

ನಾನು ಬೇಸನ್ನು ಕರೆದೆ. ಕೆಮ್ಮಣ್ಣ ರೋಗಿಯ ವಿಷಯ ಕೇಳಿದರು, ನೆರಳಿನಲ್ಲಿ ಬಿಸಿ ಎಷ್ಟಿದೆ ಕೇಳಿದರು, ಗಾಳಿ ಯಾವ ಕಡೆಯಿಂದ ಎಂದು ಕೇಳಿದರು. ರೋಗಿಯ ತೂಕ, ಜೊತೆಗೆ ಬರುವವರ ತೂಕ ನೋಡಿ ಹೇಳು ಎಂದರು.

ಅಕ್ಕನದು ಎಂಬತ್ತಾರು. ಅಮ್ಮ ಚಪ್ಪಲಿಗಳನ್ನು ಬೆಂಚಿನ ಮೇಲಿಟ್ಟು ತೂಕದ ಯಂತ್ರ ಹತ್ತಿದಳು. ಮುಳ್ಳು ಒಂದೆರಡು ಸಲ ತೂಗಾಡಿ ಎಂಬತ್ತೊಂದಕ್ಕೆ ನಿಂತಿತು. ಅಮ್ಮ ಬಗ್ಗಿ ನೋಡಿದಳು, ನಾನೂ ನೋಡಿದೆ.

"ಅರವತ್ತು ದಾಟಿದ್ರೆ ಹತ್ತಿಸ್ಕೊಳ್ಳಲ್ಲ ಅಂತಾರಲ್ಲೇ," ಎಂದಳು ಅಮ್ಮ, ಪರದೆಯ ಆಚೆ ಕೇಳದ ಹಾಗೆ.

ಊರಿನಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಹಿಂದಿನ ವರ್ಷ ಕಿರಾಣಿ ಅಂಗಡಿಯವರ ಹೆಂಡತಿಯನ್ನು ಕರೆದುಕೊಂಡು ಹೋದಾಗ ಅಂಗಡಿಯವರನ್ನು ಇಲ್ಲೇ ಬಿಟ್ಟಿದ್ದರು. ಆ ಹೊಟ್ಟೆಗೇ ಇನ್ನೊಂದು ಹೆಲಿಕಾಪ್ಟರ್ ಬೇಕಿತ್ತು ಎಂದು ಜನ ತಮಾಷೆ ಮಾಡಿದ್ದರು. ಅರವತ್ತು ಎಂಬ ಲೆಕ್ಕ ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಕೆಮ್ಮಣ್ಣನನ್ನು ಕೇಳಬಹುದಿತ್ತು. ಎರಡು ವರ್ಷದಲ್ಲಿ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೆ. ನಾನಾಗಿ ಒಂದು ಮಾತೂ ಕೇಳಿರಲಿಲ್ಲ.

ಗುಂಡಿ ಒತ್ತಿದೆ. "ರೋಗಿ ಎಂಬತ್ತಾರು. ಜೊತೆಗೆ ಬರೋರು ಐವತ್ತೆಂಟು."

"ಐವತ್ತೆಂಟು, ಸರಿ," ಎಂದು ಕೆಮ್ಮಣ್ಣ ಬರೆದುಕೊಂಡರು.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬಂದು ನನ್ನ ಕೆನ್ನೆ ಸವರಿದಳು. "ಮೂಗಿಗೆ ಸುಳ್ಳು ಹೇಳೋಕೂ ಬರುತ್ತೆ," ಎಂದಳು. ಆ ದಿನ ಅವಳ ಮುಖ ಸ್ವಲ್ಪ ಗೆಲುವಾಗಿದ್ದು ಆಗ ಮಾತ್ರ.

ಹೆಲಿಕಾಪ್ಟರ್ ಬರಲು ಒಂದೂವರೆ ಗಂಟೆ ಹಿಡಿಯಿತು. ಧೂಳು ಏಳದಿರಲೆಂದು ನಾನು ಇಳಿಯುವ ಮೈದಾನಕ್ಕೆ ಹದಿನೆಂಟು ಕೊಡ ನೀರು ಚಿಮುಕಿಸಿದೆ. ಹಾಕಿದ ನೀರು ಹಾಕಿದ ಹಾಗೇ ಆರುತ್ತಿತ್ತು. ಅಮ್ಮ ಅಷ್ಟರಲ್ಲಿ ಮನೆಗೆ ಹೋಗಿ ಚೀಲ ತುಂಬಿಸಿಕೊಂಡು ಬಂದಳು. ಹಳೆ ಬಟ್ಟೆ, ಫ್ಲಾಸ್ಕು, ಹುಟ್ಟುವ ಮಗುವಿಗೆಂದು ಹೊಲಿದಿಟ್ಟ ಎರಡು ಅಂಗಿ. ಆ ಚೀಲವನ್ನು ನಾವು ತೂಗಲೇ ಇಲ್ಲ.

ಹೆಲಿಕಾಪ್ಟರ್ ಇಳಿಯಿತು, ರೆಕ್ಕೆ ನಿಲ್ಲಿಸಲಿಲ್ಲ. ಒಳಗಿದ್ದ ಡಾಕ್ಟರು ಇಳಿದು ಬಂದು ನರ್ಸಮ್ಮನ ಚೀಟಿ ಓದಿದರು. ಸ್ಟ್ರೆಚರನ್ನು ನಾಲ್ಕು ಜನ ಹಿಡಿದು ಒಳಗೆ ಸರಿಸಿದೆವು. ಅಮ್ಮ ಬಗ್ಗಿಕೊಂಡೇ ಹತ್ತಿ, ಪಕ್ಕದ ಸೀಟಿನಲ್ಲಿ ಕೂತು, ಅಕ್ಕನ ಕೈ ಹಿಡಿದುಕೊಂಡಳು. ನಾನು ಕೈ ರೇಡಿಯೋ ಹಿಡಿದು ಮೈದಾನದ ಅಂಚಿಗೆ ಬಂದು, ಸುತ್ತ ಯಾರೂ ಇಲ್ಲ, ಏಳಬಹುದು ಎಂದೆ.

ಹೆಲಿಕಾಪ್ಟರ್ ಒಂದು ಗೇಣು ಎದ್ದಿತು. ಅಲ್ಲೇ ನಡುಗುತ್ತ ನಿಂತು ಮತ್ತೆ ನೆಲಕ್ಕೆ ಕೂತಿತು. ಇನ್ನೊಮ್ಮೆ ಎದ್ದು ಇನ್ನೊಮ್ಮೆ ಕೂತಿತು.

"ಏಳು," ಎಂದು ಪೈಲಟ್ಟಿನ ಧ್ವನಿ ನನ್ನ ಕೈಯೊಳಗೆ ಬಂತು. "ಜೊತೆಗಿರೋರ ತೂಕ ನಿಜವಾಗ್ಲೂ ಎಷ್ಟು?"

ಅಷ್ಟು ಗದ್ದಲದಲ್ಲಿ ಅದು ಕೇಳಿದ್ದು ನನಗೊಬ್ಬಳಿಗೇ. "ಎಂಬತ್ತೊಂದು," ಎಂದೆ. "ಚೀಲ ಬೇರೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಐವತ್ತೆಂಟು ಅಂದಿದ್ದಕ್ಕೆ ಎಲ್ಲೂ ನಿಲ್ಲದೆ ನೇರ ಹೋಗೋಷ್ಟು ಎಣ್ಣೆ ಹಾಕ್ಸಿದೆನಮ್ಮ. ನಿಜ ಹೇಳಿದ್ರೆ ಕಮ್ಮಿ ಹಾಕ್ಸಿ, ದಾರೀಲಿ ಒಂದು ಕಡೆ ಇಳ್ದು ತುಂಬಿಸ್ಕೊಳ್ತಿದ್ದೆ. ಇಬ್ರನ್ನೂ ಕರ್ಕೊಂಡು ಹೋಗ್ಬಹುದಿತ್ತು. ಈ ಬಿಸಿಲಲ್ಲಿ ಇಷ್ಟು ಭಾರ ಮೇಲೇಳಲ್ಲ. ಅವ್ರನ್ನ ಇಳಿಸ್ತಿದೀವಿ."

ಎಣ್ಣೆಯನ್ನೇ ಸ್ವಲ್ಪ ಇಳಿಸಲಾಗದೇ ಎಂದು ಕೇಳಿದೆ. ಅದಕ್ಕೆ ಪಂಪು ಬೇಕು, ಹೊತ್ತು ಬೇಕು, ರೋಗಿಗೆ ಹೊತ್ತಿಲ್ಲ ಎಂದರು.

ಬಾಗಿಲು ತೆರೆಯಿತು. ಡಾಕ್ಟರು ಅಮ್ಮನಿಗೆ ಏನೋ ಹೇಳಿದರು, ಅಮ್ಮ ಇಲ್ಲವೆಂದು ತಲೆಯಾಡಿಸಿದಳು, ಮತ್ತೆ ಮತ್ತೆ ತಲೆಯಾಡಿಸಿದಳು. ಆಮೇಲೆ ಅವರು ಅಮ್ಮನ ಕೈಯಿಂದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಗಿಯಾಗಿ ಹಿಡಿದಿದ್ದವಳು ಅಕ್ಕ. ಅವಳ ಬಾಯಿ ಆಡುತ್ತಿತ್ತು. ಸದ್ದು ಕೇಳದಿದ್ದರೂ ತುಟಿ ಮುಚ್ಚಿ ತೆರೆಯುವುದು ಕಾಣುತ್ತಿತ್ತು. ಅಮ್ಮ ಎನ್ನಲು ಹಾಗೇ ತುಟಿ ಮುಚ್ಚಬೇಕು.

ಅಮ್ಮನನ್ನೂ ಚೀಲವನ್ನೂ ಇಳಿಸಿದರು. ಹೆಲಿಕಾಪ್ಟರ್ ಎದ್ದಿತು. ನಾನು ಚಿಮುಕಿಸಿದ ನೀರೆಲ್ಲ ಆರಿ ಹೋಗಿತ್ತು, ಧೂಳು ನಮ್ಮಿಬ್ಬರ ಮೇಲೂ ಬಿತ್ತು.

"ಆ ಡಬ್ಬೀಲಿ ಏನಂದ್ರೇ ಅವ್ರು?" ಅಮ್ಮ ಕೇಳಿದಳು.

"ಬಿಸಿಲು ಜಾಸ್ತಿ ಅಂತೆ."

"ಬಿಸಿಲಲ್ಲ ಕಣೆ." ಅಮ್ಮ ತನ್ನ ತೋಳನ್ನು ತಾನೇ ಹಿಡಿದು, ಬೇರೆ ಯಾರದೋ ಎಂಬಂತೆ ನೋಡಿದಳು. "ಈ ಹಾಳು ಮೈ. ಕೂತು ತಿಂದು ಬೆಳೆಸ್ದೆ. ನನ್ನ ಮಗಳಿಗೆ ನಾನೇ ಭಾರ ಆದೆ."

ಇಲ್ಲ ಎನ್ನಬೇಕಿತ್ತು. ನಿನ್ನ ಎಂಬತ್ತೊಂದನ್ನು ಇದ್ದ ಹಾಗೆ ಹೇಳಿದ್ದರೆ ಈಗ ನೀನು ಅವಳ ಪಕ್ಕ ಇರುತ್ತಿದ್ದೆ ಎನ್ನಬೇಕಿತ್ತು. ಆದರೆ ಎದುರಿಗೆ ಅಮ್ಮನ ಮುಖವಿತ್ತು.

ನರ್ಸಮ್ಮ ಬಂದು ಅಮ್ಮನ ಹೆಗಲ ಮೇಲೆ ಕೈಯಿಟ್ಟರು. ಅವರ ಇನ್ನೊಂದು ಕೈ ಕೋಟಿನ ಜೇಬಿನಲ್ಲೇ ಇತ್ತು. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಹೆಲಿಕಾಪ್ಟರಿನ ಜೊತೆ ನಮ್ಮ ಕೈ ರೇಡಿಯೋ ಮಾತಾಡುವುದು ಎದುರಿನ ಬೆಟ್ಟದ ಸಾಲು ಅಡ್ಡ ಬರುವವರೆಗೆ ಮಾತ್ರ, ನಾಲ್ಕು ನಿಮಿಷ. ಆಮೇಲೆ ದೊಡ್ಡಾಸ್ಪತ್ರೆಯವರು ಬೇಸಿಗೆ ಹೇಳಿ, ಬೇಸಿನವರು ನಮಗೆ ಹೇಳುವವರೆಗೆ ಏನೂ ತಿಳಿಯುವುದಿಲ್ಲ. ನಾನು ಮೈದಾನದ ತುದಿಗೆ ನಡೆದೆ. ಹೆಲಿಕಾಪ್ಟರ್ ನೊಣದಷ್ಟಾಗಿತ್ತು. ಗುಂಡಿ ಒತ್ತಿ ಕರೆದೆ. ಗರಗರ ಸದ್ದು ಬಂತು. ಮತ್ತೆ ಕರೆದೆ. ಅಷ್ಟರಲ್ಲಿ ಅದು ಸಾಲಿನ ಆಚೆ ಇಳಿಯಿತು, ಗರಗರವೂ ನಿಂತಿತು.

ಅಮ್ಮ ಚೀಲದ ಪಕ್ಕ ನೆಲದ ಮೇಲೆ ಕೂತು ನನ್ನ ಕಡೆಗೇ ನೋಡುತ್ತಿದ್ದಳು. ನಾನು ಬೆನ್ನು ತಿರುಗಿಸಿ ಮತ್ತೆ ಗುಂಡಿ ಒತ್ತಿದೆ.

"ಏಳು ಮಾತಾಡ್ತಿದೀನಿ. ಅಕ್ಕಂಗೆ ಕಣ್ಣು ಕಾಣಲ್ಲ. ಯಾರಾದ್ರೂ ಅವಳ ಕೈ ಹಿಡ್ಕೊಂಡಿರಿ."